ಗಂಗಾಂಬಿಕೆಯ ಎದೆಯ ಸದ್ದು

...ಯಾರೂ ಕೇಳಿಸಿಕೊಳ್ಳದ ಕೆಮ್ಮು ವಾಸಿಯಾಗುವುದಿಲ್ಲ ಎಂದೋ, ವಾಸಿಯಾದರೂ ಲೆಕ್ಕಕ್ಕಿಲ್ಲ ಎಂದೋ ನಮ್ಮಜ್ಜಿ ಅನ್ನುತ್ತಿದ್ದಳು, ಸರಿಯಾಗಿ ನೆನಪಿಲ್ಲ. ಇಂದು ನಮ್ಮ ಕಾಲದ ಹೊಸ ಪಂಚಾಂಗದಂತೆ ೨೩೧೪ರ ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ. ದಾವಣಗೆರೆಯ ಶಿವಯೋಗಪ್ಪನವರೇ, ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮ ಮನೆತನಕ್ಕೆ ಇಳಿದುಬಂದ ನಿಮ್ಮ ನೋಟ್‌ಬುಕ್ಕಿನಿಂದ.

ನಮ್ಮ ಮನೆಗಳಲ್ಲಿ ಉಸಿರುಗೋಡೆ ಎಂಬುದಿದೆ. ಅದು ಒಳಗಿರುವವರ ಎದೆಯ ಸದ್ದನ್ನು ಆಲಿಸುತ್ತದೆ, ಶ್ವಾಸನಾಳ ಬಿಗಿಯುವ ಮೊದಲೇ ಗಾಳಿಗೆ ಮದ್ದು ಬೆರೆಸುತ್ತದೆ. ಇಲ್ಲಿ ಯಾರಿಗೂ ಏದುಸಿರು ಬರುವುದಿಲ್ಲ. ನನ್ನ ಹೆಂಡತಿ ಇರಾವತಿಗೆ ಅಸ್ತಮಾ ಇದೆಯೆಂದು ನನಗೆ ತಿಳಿದದ್ದು ಮದುವೆಯಾದ ಹತ್ತೊಂಬತ್ತು ವರ್ಷಗಳ ಮೇಲೆ, ಗೋಡೆ ಬದಲಿಸಲು ಬಂದವಳು ಹಳೆಯ ದಾಖಲೆ ಓದಿ ಹೇಳಿದಾಗ. ಇರಾವತಿಗೂ ತಿಳಿದದ್ದು ಆಗಲೇ. ಪಕ್ಕದ ಬೀದಿಯವರ ಸುದ್ದಿ ಕೇಳಿದವರಂತೆ ಇಬ್ಬರೂ ತಲೆಯಾಡಿಸಿದೆವು.

ನಿಮ್ಮದು ಹಾಗಲ್ಲ. ದಿನವೂ ಬೆಳಿಗ್ಗೆ ನಿಮ್ಮ ಹೆಂಡತಿ ಗಂಗಾಂಬಿಕೆ ನಿಂತು, ಪೂರ್ತಿ ಉಸಿರೆಳೆದು, ಉಸಿರಿನ ಬಿರುಸು ಅಳೆಯುವ ಪ್ಲಾಸ್ಟಿಕ್ ಕೊಳವೆಯನ್ನು ಮೂರು ಸಲ ಊದುತ್ತಿದ್ದರು. ಮೂರರಲ್ಲಿ ಹೆಚ್ಚಿನ ಅಂಕಿಯನ್ನು ನೀವು ಪೆನ್ಸಿಲಿನಲ್ಲಿ ಬರೆಯುತ್ತಿದ್ದಿರಿ. ಪಕ್ಕದಲ್ಲಿ ಅವರ ಮಾತು: ‘ನಿಮ್ಮ ಪೀಪಿ ಊದ್ಕೊಂತ ಕುಂತ್ರೆ ರೊಟ್ಟಿ ಯಾರು ಬಡೀತಾರ್ರೀ?’ ಇನ್ನೊಂದು ದಿನ, ‘ಎದೀಗೆ ಕಿವಿ ಇಡಬ್ಯಾಡ್ರಿ, ಸೊಸಿ ನೋಡ್ತಾಳೆ.’ ಆ ಕಿವಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ಪದವನ್ನೂ ನಿಮ್ಮಿಂದಲೇ ಎರವಲು ತಂದೆ. ನಮ್ಮಲ್ಲಿ ಇದು ಬಳಕೆಯಲ್ಲಿಲ್ಲ. ಒಮ್ಮೆ ಇರಾವತಿಯ ಎದೆಗೆ ಕಿವಿಯಿಟ್ಟೆ. ಏನು ಹುಡುಕುತ್ತಿದ್ದೀಯ ಎಂದು ಕೇಳಿದಳು. ಹುಡುಕಲು ಗೋಡೆ ನನಗೇನೂ ಉಳಿಸಿರಲಿಲ್ಲ.

ಶ್ರಾವಣದಲ್ಲಿ ಗಂಗಾಂಬಿಕೆ ಆರಾಮಾಗಿದ್ದಾರೆಂದು, ದಿನವೂ ಬಾಯಿಗಿಟ್ಟು ಎಳೆಯಬೇಕಾದ ಮದ್ದಿನ ಪಂಪನ್ನು ನೀವಿಬ್ಬರೂ ಸೇರಿ ನಿಲ್ಲಿಸಿದಿರಿ. ಆರಾಮಾಗಿದ್ದುದು ಆ ಪಂಪಿನಿಂದಲೇ. ಮುನ್ನೂರ ಅರವತ್ತು ಊದುತ್ತಿದ್ದವರು ಮುನ್ನೂರಕ್ಕೆ ಇಳಿದರು, ಆಮೇಲೆ ಇನ್ನೂರ ಇಪ್ಪತ್ತಕ್ಕೆ. ತಕ್ಷಣಕ್ಕೆ ಉಸಿರು ಬಿಡಿಸುವ ನೀಲಿ ಪಂಪು ದಿನಕ್ಕೆ ಆರು ಸಲ ಎಂದು ನೀವೇ ಬರೆದಿದ್ದೀರಿ. ಕೊನೆಯ ಪುಟದಲ್ಲಿ ನೂರ ಇಪ್ಪತ್ತು, ಅದರ ಮುಂದೆ: ‘ಕಿವಿಯಿಟ್ಟು ಕೇಳಿದೆ. ಇವತ್ತು ಸಿಳ್ಳೆಯೇ ಇಲ್ಲ. ಎದೆ ತಿಳಿಯಾಗಿದೆ.’ ಮುಂದಿನ ಹಾಳೆಗಳು ಖಾಲಿ.

ಅಸ್ತಮಾದ ಸಿಳ್ಳೆ ಹೊರಡಲೂ ಎದೆಯೊಳಗೆ ಗಾಳಿ ಓಡಾಡಬೇಕು, ಶಿವಯೋಗಪ್ಪನವರೇ. ಆ ಮೌನ ವಾಸಿಯದಲ್ಲ. ನೀಲಿ ಪಂಪು ಕೊಡುತ್ತಲೇ, ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಬೇಕಾದ ಬೆಳಿಗ್ಗೆ ಅದು. ಇಷ್ಟು ತಿಳಿದ ಮೇಲೂ ನನ್ನ ಹೊಟ್ಟೆಕಿಚ್ಚು ಆರಿಲ್ಲ; ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಪೆನ್ಸಿಲ್ ಕೆಳಗಿಟ್ಟ ಮೇಲಾದರೂ ಅವರ ಮುಖವನ್ನು ಒಮ್ಮೆ ನೋಡಿದಿರಾ?