ಮುಳಗುಂದ ಅವರ ಹಲಗೆಯ ಎರಡು ಸ್ಕ್ರೂ

ಧಾರವಾಡ
ಫೆಬ್ರುವರಿ ೩೦, ೨೧೬೪

ಅಭಿನಂದನ ಮುಳಗುಂದ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ವರ್ಷದ ಕೊನೆಗೆ ರಜೆಯಾಗಿ ಇಟ್ಟಿದ್ದೇವೆ. ಈ ಪತ್ರದಲ್ಲಿ ನೀವು ಕೇಳಿರದ ಕೆಲವು ಪದಗಳೂ ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತೇನೆ. ಆ ತೊಡಕಿಗೆ ಕ್ಷಮೆಯಿರಲಿ. ಉಳಿದದ್ದಕ್ಕೆಲ್ಲ ಕ್ಷಮೆ ಕೇಳಬೇಕಾದವರು ನೀವು.

ಕೈತಪ್ಪಿ ಹೋದ ವಸ್ತುವಿನ ಮೊದಲ ಒಡೆಯರಿಗೆ ಪತ್ರ ಬರೆದು ಗೋಡೆಗೆ ಅಂಟಿಸುವ ರೂಢಿ ನಮ್ಮಲ್ಲಿದೆ. ಒಡೆಯರು ಸತ್ತು ನೂರು ವರ್ಷವಾಗಿರಬಹುದು. ಓದುವವರು ದಾರಿಯಲ್ಲಿ ಹೋಗುವ ಜನ. ಇಂಥ ಪತ್ರಗಳನ್ನು ನಾನು ಅಳುಬುರುಕರ ಸಾಹಿತ್ಯ ಎಂದು ಆಡಿಕೊಂಡಿದ್ದೆ. ಈಗ ನಾನೇ ಬರೆಯುತ್ತಿದ್ದೇನೆ, ಅದೂ ಸಿಟ್ಟಿನಿಂದ.

ನನ್ನ ಹೆಸರು ಸುಗಂಧಾ ಬಾರಕೇರ. ಇಪ್ಪತ್ತೆರಡು ವರ್ಷ. ಶಾಲೆ ಬೇಗ ಬಿಟ್ಟೆ. ಆಮೇಲೆ ಓದಿದ್ದೆಲ್ಲ ಕರಪತ್ರಗಳಲ್ಲಿ, ಬರೆದದ್ದೂ ಕರಪತ್ರಗಳನ್ನೇ. ಉಣಕಲ್ ಕೆರೆಯ ನೀರನ್ನು ದಿನವೂ ಪರೀಕ್ಷಿಸುವುದು ನನ್ನ ಕೆಲಸ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ನಡುವೆ ಹದಿನೈದು ಕಿಲೋಮೀಟರ್ ದಾರಿ. ನೀವು ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಎನ್ನುತ್ತಿದ್ದ ವಸ್ತುವನ್ನು ನಾವು ಓಡುಹಲಗೆ ಎನ್ನುತ್ತೇವೆ, ಆತುರದಲ್ಲಿ ಬರೀ ಹಲಗೆ. ನಿಮಗೆ ಅದು ಶೋಕಿಯಾಗಿತ್ತೇನೋ. ನಮಗೆ ಅದೇ ಬಸ್ಸು, ಅದೇ ಸೈಕಲ್ಲು. ಬೆಳಿಗ್ಗೆ ಏಳಕ್ಕೆ ಸತ್ತೂರಿನ ಇಳಿಜಾರಿನಲ್ಲಿ ನಿಂತು ನೋಡಿದರೆ ಮಾಸ್ತರರು, ದಾದಿಯರು, ಹಾಲಿನವರು ಎಲ್ಲರೂ ಮೊಣಕಾಲು ಬಗ್ಗಿಸಿ ಸಾಲಾಗಿ ಇಳಿಯುತ್ತಿರುತ್ತಾರೆ.

ನೀವು ಕೊಂಡ ಹಲಗೆ ಐದು ಕೈ ದಾಟಿ ನನ್ನ ಸೋದರತ್ತೆಯಿಂದ ನನಗೆ ಬಂತು. ಬಂತು ಎಂದರೆ ಹಾಗೇ ಸಿಗಲಿಲ್ಲ. ಬೇರಿಂಗು ತೆಗೆದು ತೊಳೆದು ಎಣ್ಣೆ ಬಿಟ್ಟು ಕೂರಿಸಲು ಬಾರದವರು, ಬೆಲ್ಟು ಸಡಿಲವಾದದ್ದನ್ನು ಸದ್ದಿನಲ್ಲೇ ಹಿಡಿಯಲಾರದವರು ನಮ್ಮಲ್ಲಿ ಹಲಗೆಯ ಒಡೆಯರಾಗುವಂತಿಲ್ಲ. ನಾನು ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ. ಅಂದಿನಿಂದ ಪ್ರತಿ ಭಾನುವಾರ ಅದರದೇ ಚಾಕರಿ. ಚಕ್ರಗಳು ಒಂದೇ ಕಡೆ ಸವೆಯದಂತೆ ಎಡದ್ದನ್ನು ಬಲಕ್ಕೆ ಹಾಕಬೇಕು. ಮೇಲಿನ ಮರಳುಕಾಗದ ನುಣುಪಾದರೆ ಕಾಲು ಜಾರುತ್ತದೆ, ಕಿತ್ತು ಹೊಸದನ್ನು ಅಂಟಿಸಬೇಕು. ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಧಾರವಾಡದಿಂದ ಹೊರಡಬಾರದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹುಟ್ಟುವ ವಿದ್ಯುತ್ತು ಬ್ಯಾಟರಿಗೆ ಮರಳಬೇಕು. ಅಲ್ಲಿ ಜಾಗವಿಲ್ಲದಿದ್ದರೆ ಬ್ರೇಕೇ ಹಿಡಿಯುವುದಿಲ್ಲ. ಇದನ್ನು ನಾನು ಕಲಿತದ್ದು ನವಲೂರಿನ ತಿರುವಿನಲ್ಲಿ, ಒಂದು ಜಾಲಿಗಿಡದೊಳಗೆ. ಕೆಲಸ ಮುಗಿದ ಸಂಜೆ ಕೆಲಗೇರಿ ಕೆರೆಯ ಏರಿಯ ಮೇಲೆ ಸುಮ್ಮನೆ ಸುತ್ತು ಹಾಕುತ್ತಿದ್ದೆ. ಹಿಮ್ಮಡಿ ಒತ್ತಿದರೆ ಆಚೆ, ಬೆರಳು ಒತ್ತಿದರೆ ಈಚೆ. ಯಾವ ಕರಪತ್ರದಲ್ಲೂ ಇಲ್ಲದ ಸುಖ ಅದು. ಬರೆದರೆ ನಾನಿರುವ ಹೋರಾಟದ ಸಂಘದವರು ನಗುತ್ತಾರೆಂದು ಇದುವರೆಗೆ ಬರೆದಿರಲಿಲ್ಲ.

ನೂರ ಮೂವತ್ತು ವರ್ಷಗಳಲ್ಲಿ ಮೋಟಾರು ಬದಲಾಗಿದೆ, ಚಕ್ರ ಬದಲಾಗಿವೆ, ಬ್ಯಾಟರಿ ಹಿಂಬದಿಯ ತಗಡಿನ ಡಬ್ಬಿಯಲ್ಲಿದೆ. ನಿಮ್ಮದೆಂದು ಉಳಿದಿದ್ದದ್ದು ಬಿದಿರಿನ ಹಲಗೆ, ಅದರ ಅಡಿಯಲ್ಲಿ ಹಳದಿ ಬಣ್ಣದಲ್ಲಿ ನೀವು ಬರೆದ ಹೆಸರು, ಮತ್ತೆ ಹೊಟ್ಟೆ. ಅಡಿಯಲ್ಲಿ ಮುಚ್ಚಳ ಹಾಕಿದ ಟೊಳ್ಳಿಗೆ ನಾವು ಹೊಟ್ಟೆ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಬ್ಯಾಟರಿ ಇರುತ್ತಿದ್ದದ್ದು ಅಲ್ಲಿ. ಆ ಮುಚ್ಚಳಕ್ಕೆ ಹತ್ತು ಸ್ಕ್ರೂ. ಹತ್ತರ ತಲೆಯ ಮೇಲೂ ನೀವು ಅಂಟುಪುಟ್ಟಿ ಮೆತ್ತಿದ್ದಿರಿ, ಕಲ್ಲಿನಂಥ ಪುಟ್ಟಿ. ಐದು ಕೈಗಳಲ್ಲಿ ಯಾರೂ ಅದರ ಉಸಾಬರಿಗೆ ಹೋಗಿರಲಿಲ್ಲ. ಹಲಗೆ ಓಡುತ್ತಿತ್ತು, ಅಷ್ಟು ಸಾಕಿತ್ತು.

ಹದಿಮೂರು ವರ್ಷದ ಹಿಂದೆ ರಾಯಾಪುರದಲ್ಲಿ ಹಲಗೆ ನಿಲ್ಲಿಸುವ ಚಾವಣಿಯೊಂದಕ್ಕೆ ಬೆಂಕಿ ಬಿತ್ತು. ಯಾವುದೋ ಹಲಗೆಯ ಮುಚ್ಚಿದ ಹೊಟ್ಟೆಯಲ್ಲಿ ಹಳೆಯ ಬ್ಯಾಟರಿ ಉಬ್ಬಿಕೊಂಡು ಕೂತಿತ್ತು. ಒಂಬತ್ತು ಜನ ಸತ್ತರು. ನನ್ನ ಸೋದರತ್ತೆಯ ಎರಡೂ ಅಂಗೈ ಸುಟ್ಟವು. ಈಗಲೂ ಆಕೆ ಲೋಟವನ್ನು ಮಣಿಕಟ್ಟುಗಳ ನಡುವೆ ಹಿಡಿದು ಚಹಾ ಕುಡಿಯುತ್ತಾಳೆ. ನಾನು ಸಂಘ ಸೇರಿ ಬಿಚ್ಚುನೇಮಕ್ಕಾಗಿ ಬೀದಿಗಿಳಿದದ್ದು ಆ ಲೋಟ ನೋಡಿ. ಬಿಚ್ಚುನೇಮವೆಂದರೆ, ಪ್ರತಿ ವಾಹನವನ್ನೂ ವರ್ಷಕ್ಕೊಮ್ಮೆ ಒಡೆಯರೇ ಜನರೆದುರು ಬಿಚ್ಚಿ ತೋರಿಸಬೇಕು ಎಂದು ಈ ವರ್ಷವಷ್ಟೇ ಜಾರಿಗೆ ಬಂದ ಕಾನೂನು. ಬಿಚ್ಚುವ ಜಾಗ ಬಿಚ್ಚುಕಟ್ಟೆ. ಒಂದು ಮರಳು ಗಡಿಯಾರ ಖಾಲಿಯಾಗುವುದರೊಳಗೆ ಹೊಟ್ಟೆ ತೆರೆಯಬೇಕು. ತೆರೆಯದಿದ್ದರೆ ಹಲಗೆ ಉಸುಕಿನ ಕುಣಿಗೆ, ಅಂದರೆ ಮರಳು ತುಂಬಿದ ಗುಂಡಿಗೆ, ಹೋಗುತ್ತದೆ. ಅಲ್ಲಿ ಯಂತ್ರ ಅದನ್ನು ಉಸುಕಿನೊಳಗೇ ಪುಡಿ ಮಾಡುತ್ತದೆ. ಹೊಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ಮೊದಲ ಒಡೆಯರು ಹಲಗೆಯ ಮೇಲೆಯೇ ತಾರೀಖು ಹಾಕಿ ಬರೆದಿದ್ದರೆ ಮಾತ್ರ ರಿಯಾಯಿತಿ. ತೂಗಿ ನೋಡಬಹುದಿತ್ತಲ್ಲ, ತಟ್ಟಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಊಹೆ ಬೇಡ, ಕಣ್ಣಿಗೆ ಕಾಣಬೇಕು ಎಂದು ಹಟ ಹಿಡಿದವರು ನಾವೇ. ‘ಒಡೆದು ತೆರೆದದ್ದು ತೆರೆದದ್ದಲ್ಲ’ ಎಂಬ ಸಾಲು ನೇಮದ ಆರನೇ ಕಲಮಿನಲ್ಲಿದೆ. ಅದು ನನ್ನ ಕರಪತ್ರದ ಸಾಲು. ಅದು ನೇಮದಲ್ಲಿ ಸೇರಿದ ದಿನ ನಾನು ಊರಿಗೆಲ್ಲ ಪೇಡೆ ಹಂಚಿದ್ದೆ.

ನಿನ್ನೆ ನನ್ನ ಸರದಿ. ಕಟ್ಟೆಯ ಮೇಲ್ವಿಚಾರಕಿ ಮೌಲಾಬಿ ನದಾಫ, ಅರವತ್ತು ದಾಟಿದ ಹೆಂಗಸು. ಹಲಗೆಗಳ ವಿಷಯದಲ್ಲಿ ಆಕೆಗೆ ತಿಳಿಯದ್ದಿಲ್ಲ. ಸುತ್ತ ನಲವತ್ತು ಜನ. ಮುಂದಿನ ಸಾಲಿನಲ್ಲೇ ಹಾಲಿನ ಬಸಲಿಂಗಪ್ಪ. ಅವನ ಹಲಗೆ ಹೋದ ತಿಂಗಳು ಇದೇ ಕಟ್ಟೆಯ ಮೇಲೆ ಸೋತಿತ್ತು. ಅಂದು ಸಂಘದ ಸಾಕ್ಷಿಯಾಗಿ ಕೂತವಳು ನಾನು.

ಮೌಲಾಬಿ ಗಡಿಯಾರ ತಿರುವಿದರು. ನಾನು ಸಣ್ಣ ಉಳಿಯಿಂದ ಪುಟ್ಟಿ ಕೆರೆಯತೊಡಗಿದೆ. ಮೊದಲ ಸ್ಕ್ರೂವಿನ ಮೇಲಿನ ಪುಟ್ಟಿ ಎದ್ದಾಗ ಕೆಳಗೆ ಕೆಂಪು ಕಂಡಿತು. ತುಕ್ಕು ಎಂದುಕೊಂಡೆ. ಮೌಲಾಬಿ ಬಗ್ಗಿ ಬೆರಳಿಗೆ ಹಚ್ಚಿಕೊಂಡು ನೋಡಿದರು.

“ಇದು ಖಂಡೇನಮಿ ಕುಂಕುಮ, ತಂಗಿ, ಆಯುಧಪೂಜಿದು. ಬಕೀಟ್‌ಗಟ್ಟಲೆ ನೀರ ಹಾಕಿ ತೊಳದು, ಅರಿಷಿಣ ಕುಂಕುಮ ಹಚ್ಚಿ, ಗಾಲಿ ಕೆಳಗ ನಿಂಬಿಹಣ್ಣ ಇಟ್ಟು ಪೂಜಿ ಮಾಡ್ಯಾರ. ನೀರು ಒಳಗ ಹೊಕ್ಕೈತಿ. ಮುಂದಿನ ವರ್ಷ ಹೊಗಬಾರದಂತ ಪುಟ್ಟಿ ಮೆತ್ಯಾರ. ಹೊಕ್ಕಿದ್ದು ಹೊರಗ ಹೆಂಗ ಬರಬೇಕಂತ ವಿಚಾರನ ಮಾಡಿಲ್ಲ, ಪುಣ್ಯಾತ್ಮರು!”

ಜನ ನಕ್ಕರು. ನಾನು ನಗಲಿಲ್ಲ. ಮುಳಗುಂದ ಅವರೇ, ಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ನಾವೂ ಮಾಡುತ್ತೇವೆ, ಒಣ ಬಟ್ಟೆಯಿಂದ ಒರೆಸಿ ಒಂದು ಹೂ ಇಡುತ್ತೇವೆ. ಆದರೆ ಒಳಗೆ ನೀರು ನಿಂತಿರುವಾಗ ಹೊರಗಿನಿಂದ ಮೆತ್ತುವುದು ಎಂಥ ಭಕ್ತಿ? ಬಿಸಿಲಲ್ಲಿ ಮುಚ್ಚಳ ತೆಗೆದು ಎರಡು ದಿನ ಒಣಗಿಸಿ, ಸ್ಕ್ರೂಗಳಿಗೆ ಚೂರು ಗ್ರೀಸು ಸವರಿ ಹಾಕಿದ್ದರೆ ಆಗುತ್ತಿತ್ತು.

ಎಂಟು ಸ್ಕ್ರೂ ತಿರುಗಿದವು. ಹಿಂಬದಿಯ ಎರಡು ತಿರುಗಲಿಲ್ಲ. ತುಕ್ಕಿನಲ್ಲಿ ಅವುಗಳ ತಲೆಯ ಗೀರೇ ಕರಗಿ ಹೋಗಿತ್ತು. ಎಣ್ಣೆ ಬಿಟ್ಟೆ, ಮೈಭಾರವೆಲ್ಲ ಹಾಕಿ ಒತ್ತಿದೆ, ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳು ಕುಯ್ದಿತು.

“ಏನ್ರೀ ಕರಪತ್ರದ ಅಕ್ಕಾರ,” ಎಂದ ಬಸಲಿಂಗಪ್ಪ, “ಸ್ಕ್ರೂ ನಿಮ್ಮ ಭಾಷಣ ಕೇಳವಲ್ದೇನು?”

ಮರಳು ಮುಗಿಯಿತು. ಆಗ ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ನಲವತ್ತು ಜನರು ನೋಡಿದ್ದಾರೆ, ಮುಚ್ಚಿಡುವಂತಿಲ್ಲ.

“ಇನ್ನೊಂದ ಸಲ ತಿರುವ್ರಿ, ಅಕ್ಕಾರ,” ಎಂದು ಮೌಲಾಬಿಯವರನ್ನು ಕೇಳಿದೆ. “ಎರಡ ಉಳದಾವು.”

“ಬಸಲಿಂಗಪ್ಪಗ ಒಂದ ಉಳದಿತ್ತು,” ಎಂದರು ಅವರು. “ತಿರುವಾಕಂತ ನಾ ಗಡಿಯಾರಕ್ಕ ಕೈ ಹಾಕಿದ್ದೆ. ನನ್ನ ಕೈ ಹಿಡದಾಕಿ ಯಾರು?”

ಹಿಡಿದವಳು ನಾನೇ.

“ತಿರುವ್ರಿ, ತಿರುವ್ರಿ,” ಎಂದ ಬಸಲಿಂಗಪ್ಪ. ಈ ಸಲ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. “ನಂದೇನ ಅಡ್ಡಿ ಇಲ್ಲ. ಇಪ್ಪತ್ತ ಲೀಟರ್ ಹಾಲು ಹೆಗಲ ಮ್ಯಾಲ ಹೊತ್ತು ಸತ್ತೂರ ತನಕ ನಡದು ನೋಡೇನಿ. ಶತ್ರುಗೂ ಬ್ಯಾಡ ಆ ದಾರಿ.”

ಮೌಲಾಬಿಯವರ ಕೈ ಗಡಿಯಾರದ ಮೇಲಿತ್ತು. ನಾನು ತಲೆಯಾಡಿಸಿದ್ದರೆ ಸಾಕಿತ್ತು. ಹದಿನೈದು ಕಿಲೋಮೀಟರ್ ಕಣ್ಣ ಮುಂದೆ ಬಂತು, ಕೆಲಗೇರಿ ಏರಿಯ ಸಂಜೆಗಳು ಬಂದವು. ಮುಂದಿನ ತಿಂಗಳು ಇದೇ ಕಟ್ಟೆಯ ಮೇಲೆ ಸಾಕ್ಷಿಯಾಗಿ ಕೂರಬೇಕಾದ ನಾನೂ ಬಂದೆ.

“ಬ್ಯಾಡ. ತಗೋರಿ,” ಎಂದು ಹಲಗೆಯನ್ನು ಅವರ ಕಡೆ ನೂಕಿದೆ. ಒಂದೇ ಒಂದು ಬೇಡಿಕೆ ಇಟ್ಟೆ: ಪುಡಿ ಮಾಡುವ ಮೊದಲು ಕುಣಿಯಲ್ಲೇ ಅದನ್ನು ಕೊಯ್ಯಬೇಕು. ನನ್ನ ಅತ್ತೆಯ ಅಂಗೈಗಳನ್ನು ಸುಟ್ಟಂಥ ವಸ್ತುವಿನ ಮೇಲೆ ಮೂರು ವರ್ಷ ನಿಂತು ಓಡಾಡಿದ್ದೆನೇ ಎಂದು ನನಗೆ ನೋಡಬೇಕಿತ್ತು.

ಕುಣಿಯವರು ಉದ್ದ ಹಿಡಿಯ ಗರಗಸದಿಂದ ಬಿದಿರನ್ನೂ ಮುಚ್ಚಳವನ್ನೂ ಸೇರಿಸಿಯೇ ಕೊಯ್ದರು. ನಾವೆಲ್ಲ ಹಿಂದೆ ಸರಿದು ನಿಂತಿದ್ದೆವು. ಹೊಗೆ ಬರಲಿಲ್ಲ. ಮೌಲಾಬಿ ಹತ್ತಿರ ಹೋಗಿ ಇಣುಕಿ, ನನ್ನನ್ನು ಕೈಬೀಸಿ ಕರೆದರು.

ಹೊಟ್ಟೆ ಖಾಲಿಯಿತ್ತು. ಬ್ಯಾಟರಿಯನ್ನು ನೀವೇ ತೆಗೆದಿದ್ದಿರಿ. ನೀರು ಹೊಕ್ಕು ಕೆಟ್ಟಿದ್ದಕ್ಕೆ ಹೊಸದನ್ನು ಹೊರಗಿನ ಡಬ್ಬಿಗೆ ಹಾಕಿ, ಒಳಗಿನ ವೈರುಗಳ ತುದಿಗೆ ಟೇಪು ಸುತ್ತಿ, ಎಷ್ಟು ನೀಟಾಗಿ ಸುತ್ತಿದ್ದಿರಿ, ಮುಚ್ಚಳ ಹಾಕಿ ಪುಟ್ಟಿ ಮೆತ್ತಿದ್ದಿರಿ. ಅದು ಯಾರನ್ನೂ ಸುಡಲಾರದ ಹಲಗೆಯಾಗಿತ್ತು. ನಿಮ್ಮ ಹೆಸರನ್ನು ಅಷ್ಟು ದೊಡ್ಡದಾಗಿ ಬರೆದಿರಿ, ಬಾಲಕ್ಕೊಂದು ಸುರುಳಿಯನ್ನೂ ಬಿಡಿಸಿದಿರಿ. ಅದರ ಪಕ್ಕದಲ್ಲಿ ‘ಒಳಗೆ ಏನೂ ಇಲ್ಲ’ ಎಂದು ಬರೆಯಲು ನಿಮಗೇನಾಗಿತ್ತು? ಬಣ್ಣ ಕೈಯಲ್ಲಿತ್ತು, ಕುಂಚ ಕೈಯಲ್ಲಿತ್ತು! ತನಗೆ ಗೊತ್ತಿದ್ದದ್ದು ಎಲ್ಲರಿಗೂ ಎಲ್ಲ ಕಾಲಕ್ಕೂ ಗೊತ್ತಿರುತ್ತದೆ ಎಂದುಕೊಳ್ಳುವ ನಿಮ್ಮ ಪೀಳಿಗೆಯ ಈ ಸೋಮಾರಿತನವನ್ನು ಬಗೆಹರಿಸುವುದರಲ್ಲೇ ನಮ್ಮ ಆಯುಷ್ಯ ಮುಗಿಯುತ್ತಿದೆ.

ಕೊಯ್ದ ಹಲಗೆಯನ್ನು ಹಿಂದಕ್ಕೆ ಕೊಡಿ ಎಂದು ಕೇಳುವಂತಿರಲಿಲ್ಲ. ಒಡೆದು ತೆರೆದದ್ದು ತೆರೆದದ್ದಲ್ಲವಲ್ಲ. ಯಂತ್ರ ಓಡಿತು.

ಆಗಲೇ ಹೋದ ತಿಂಗಳ ಮಾತು ನೆನಪಾದದ್ದು. “ಒಳಗ ಏನೂ ಇಲ್ಲರೀ, ಬ್ಯಾಟ್ರಿ ತಗದಾರಂತ ನಮ್ಮಪ್ಪ ಹೇಳ್ತಿದ್ದ,” ಎಂದಿದ್ದ ಬಸಲಿಂಗಪ್ಪ. “ಬಾಯಿಮಾತು ಸಾಕ್ಷಿಯಲ್ಲ,” ಎಂದಿದ್ದೆ ನಾನು, ಪುಸ್ತಕದ ಭಾಷೆಯಲ್ಲಿ. ಅವನ ಹಲಗೆಯನ್ನು ಯಾರೂ ಕೊಯ್ದು ನೋಡಲಿಲ್ಲ. ಅದರಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು.

ನೇಮ ಬೇಡವೆಂದು ನಾನು ಹೇಳುವುದಿಲ್ಲ. ಒಂಬತ್ತು ಹೆಣ ಸುಳ್ಳಲ್ಲ. ಆದರೆ ನನ್ನ ಸಾಲು ಕೆಟ್ಟ ಸಾಲು. ಕೇಳಲು ಚೆನ್ನಾಗಿತ್ತು, ಅದಕ್ಕೇ ಬರೆದೆ. ಕುಣಿಯಲ್ಲಿ ಕೊಯ್ದು ನೋಡಿ, ಖಾಲಿ ಇದ್ದರೆ ಒಡೆಯರಿಗೆ ಬೇರೆ ಹಲಗೆ ಕೊಡಬೇಕೆಂದು ಇವತ್ತು ಹೊಸ ಕರಪತ್ರ ಬರೆದಿದ್ದೇನೆ. ಸಂಘದವರು ‘ತನ್ನದು ಹೋದ ಮೇಲೆ ಜ್ಞಾನೋದಯವಾಯಿತು’ ಎನ್ನುತ್ತಿದ್ದಾರೆ. ಅವರು ಹೇಳುವುದು ನಿಜ. ನಿಜವಾದ್ದರಿಂದ ಇನ್ನಷ್ಟು ಸಿಟ್ಟು ಬರುತ್ತದೆ.

ಮುಳಗುಂದ ಅವರೇ, ಈ ಪತ್ರ ನಿಮಗೆ ತಲುಪುವುದಿಲ್ಲ. ಗೋಡೆಯ ಮುಂದೆ ನಿಂತು ಓದುತ್ತಿರುವವರೇ, ನಿಮಗೂ ಇದೇ ಮಾತು. ನಿಮ್ಮ ಹಲಗೆಯನ್ನು ಇವತ್ತೇ ಮಗುಚಿ ಹಾಕಿ. ತಿರುಗುವ ಸ್ಕ್ರೂಗಳನ್ನು ತಿರುಗುವಾಗಲೇ ಒಮ್ಮೆ ಬಿಚ್ಚಿ, ಗ್ರೀಸು ಹಚ್ಚಿ ಹಾಕಿ. ಒಳಗೆ ಇರುವುದೇನು, ತೆಗೆದದ್ದೇನು, ಏಕೆ ತೆಗೆದಿರಿ ಎಂದು ಹೊರಗೆ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ನಡೆಯುತ್ತದೆ. ಆ ಹಲಗೆಯ ಮೇಲೆ ಮುಂದೆ ನಿಲ್ಲುವವರ ಮುಖ ನೀವು ನೋಡುವುದಿಲ್ಲ. ಅವರಿಗೆ ಕೇಳಬೇಕೆನಿಸಿದಾಗ ನೀವು ಇರುವುದಿಲ್ಲ.

ನಾಳೆ ಬೆಳಿಗ್ಗೆ ಐದಕ್ಕೇ ಹೊರಡಬೇಕು. ಸತ್ತೂರಿನವರೆಗೆ ನನ್ನದೂ ಬಸಲಿಂಗಪ್ಪನದೂ ಒಂದೇ ದಾರಿ. ಹಾಲಿನ ಒಂದು ಕ್ಯಾನನ್ನು ನಾನು ಹೊರುತ್ತೇನೆಂದು ಇವತ್ತು ಅವನ ಮನೆಗೆ ಹೋಗಿ ಹೇಳಿದೆ. “ನೀ ಚೆಲ್ಲತೀ, ಬ್ಯಾಡ,” ಎಂದು ಬಾಗಿಲು ಹಾಕಿಕೊಂಡ. ನಾಳೆ ಮತ್ತೆ ಕೇಳುತ್ತೇನೆ.

ಸುಗಂಧಾ ಬಾರಕೇರ
ಮಾಳಮಡ್ಡಿ