ಕೆಮ್ಮು ಬಂದರೆ

ಇವಳೇ,

ಸಿಟ್ಟಿನಲ್ಲೇ ಮಲಗಿದ್ದೀಯ, ಅದಕ್ಕೇ ಎಬ್ಬಿಸದೆ ಆಸ್ಪತ್ರೆಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ. ನಾನು ಗುಟುಕು ನೀರೂ ಕುಡಿದಿಲ್ಲ. ಅಂಗಡಿ ಬೀಗದ ಕೈ ನಿನ್ನ ತಮ್ಮನಿಗೆ ಕೊಡು, ಮೇಷ್ಟ್ರ ಶೇವಿಂಗ್ ಅವನೇ ಮಾಡಲಿ.

ಎದೆಯೊಳಗಿನ ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಚೂರು ತೆಗೆಯುವಾಗ ಪಕ್ಕದ ರಕ್ತನಾಳವೆಲ್ಲ ಪರದೆ ಮೇಲೆ ಕಾಣುತ್ತಂತೆ. ‘ಭಯ ಬೇಡ, ಕೆಮ್ಮದಿದ್ದರೆ ಸಾಕು’ ಅಂದರು ಡಾಕ್ಟರು. ಕತ್ತಿ ಕುತ್ತಿಗೆ ಮೇಲಿದ್ದಾಗ ಗಿರಾಕಿ ಕೆಮ್ಮಿದರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವಾ?

ಹೆದರಿಕೆಯಾದರೆ ನನಗೆ ಕೆಮ್ಮು ಬರುತ್ತೆ ಅಂತ ನಿನಗೊಬ್ಬಳಿಗೇ ಗೊತ್ತು. ಬೆಳಗಿನಿಂದ ನಾಲ್ಕು ಸಲ ಬಂತು. ನಿನ್ನನ್ನು ಕೇಳೋಕೆ ಬಂದಾಗ ನಿಮ್ಮಪ್ಪನ ಮುಂದೆ ಕೆಮ್ಮುತ್ತಾ ಕೂತಿದ್ದೆನಲ್ಲ, ನೀನು ಬಾಗಿಲಿಗೆ ಬಂದ ಮೇಲೇ ಅದು ನಿಂತಿದ್ದು.

ನಿನ್ನೆ ‘ಬರಬೇಡ’ ಅಂತ ರೇಗಿದೆ. ಹತ್ತು ಗಂಟೆಗೆ ಸೂಜಿ ಹಾಕ್ತಾರೆ, ಅದರೊಳಗೆ ಬಂದು ಬಾಗಿಲಲ್ಲಿ ನಿಂತಿರು.