ಎರಡನೇ ಎಣಿಕೆ

ಮಾರ್ಚ್ ೯, ಸೋಮವಾರ.

ಪ್ರೊಫೆಸರರ ನೂರನೇ ಪ್ರಬಂಧಕ್ಕೆ ಲ್ಯಾಬಿನಲ್ಲಿ ಕೇಕ್ ಕತ್ತರಿಸಿದರು. ಅವರ ಆಲ್ಝೈಮರ್ಸ್ ಔಷಧದಿಂದ ಇಲಿಗಳ ಮಿದುಳಿನ ಕಲೆಗಳು ಅರ್ಧಕ್ಕಿಳಿದಿವೆಯಂತೆ. ಯಾವ ಇಲಿಗೆ ಔಷಧ ಕೊಟ್ಟಿದೆ ಎಂದು ತಿಳಿಯದಂತೆ ಸ್ಲೈಡುಗಳ ಚೀಟಿ ಮುಚ್ಚಿಕೊಂಡು ಆ ಕಲೆಗಳನ್ನು ಎಣಿಸಿದವಳು ನಾನು. ನನ್ನ ಎಣಿಕೆಯಲ್ಲಿ ಏನೂ ಇಳಿದಿರಲಿಲ್ಲ. ಚೀಟಿ ತೆರೆದ ಮೇಲೆ ಈ ಪ್ರೊಫೆಸರ್ ತನಗೆ ಒಗ್ಗದ ಸ್ಲೈಡುಗಳನ್ನಷ್ಟೇ ಮತ್ತೆ ಎಣಿಸಿದ್ದಾನೆ. ಇವತ್ತು ಎಲ್ಲರೆದುರು ಅದನ್ನೇ ಕೇಳಿದೆ.

"ನಿಮ್ಮ ಕಣ್ಣು ದಣಿದಿತ್ತಮ್ಮಾ. ಕೇಕ್ ತಗೊಳ್ಳಿ."

"ದಣಿದ ಕಣ್ಣು ನಿಮಗೆ ಬೇಕಾದ ಇಲಿಗಳನ್ನ ಮಾತ್ರ ಸರಿಯಾಗಿ ನೋಡ್ತಾ ಸರ್?"

ಆತ ಮುಗುಳ್ನಗುತ್ತ ಕೇಕಿನ ತಟ್ಟೆಯನ್ನು ನನ್ನತ್ತ ಚಾಚಿದ. ಆ ಸೌಮ್ಯ ಮುಖವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಡಬೇಕೆನಿಸುತ್ತದೆ.

ಅದೇ ಮರೆವಿನ ಕಾಯಿಲೆಯ ನನ್ನ ಅಕ್ಕನ ಮೇಲೂ ಈ ಔಷಧದ ಪ್ರಯೋಗ ನಡೆಯುತ್ತಿದೆ. ಮಾತ್ರೆ ನುಂಗಿದಾಗಲೆಲ್ಲ ವಾಂತಿ. ಸಂಜೆ ಭಾವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ನಿಲ್ಲಿಸಿ ಎಂದೆ.

"ಆ ಮನುಷ್ಯನ್ನ ಕಂಡ್ರೆ ನಿನಗೆ ಹೊಟ್ಟೆಕಿಚ್ಚು ಕಣೇ. ನಿನ್ನೆ ಅವಳು ನನ್ನ ಗುರುತು ಹಿಡಿದಳು, ಗೊತ್ತಾ?"

ಮಾತ್ರೆಯ ಹೊತ್ತಾಯಿತೆಂದು ಭಾವ ಫೋನ್ ಕೆಳಗಿಟ್ಟ, ಕಟ್ ಮಾಡಲು ಮರೆತ.

"ಬಾಯಿ ತೆಗಿ, ಚಿನ್ನಾ."

ನಾನೂ ಕಟ್ ಮಾಡಲಿಲ್ಲ. ಅವಳು ನುಂಗುವವರೆಗೂ ಕೇಳುತ್ತಿದ್ದೆ.